ಮೊರದೊಳಗಿನ ಮನೆಮಂದಿ

ಟಕ್... ಟಕ್... ಟಕ್... ಫರಸಿ ಕಲ್ಲಿನ ಮೇಲೆ ಅವ್ವನ ಕಾಲುಂಗುರದ ಸಪ್ಪಳ. ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ, ಅಲ್ಲಿಂದ ದೇವರ ಜಗಲಿಗೆ, ತಿರುಗಿ ಈ ಕಂಬಕ್ಕೆ. ಕೂಸು ಅತ್ತರೂ ನಿಲ್ಲುತ್ತಿರಲಿಲ್ಲ, ಮಲಗಿದರೂ ನಿಲ್ಲುತ್ತಿರಲಿಲ್ಲ...

ಆ ಕೂಸೇ ನನ್ನ ತಂಗಿ. ಅವಳ ಮೊಮ್ಮಗಳು ಈಗ ಕೌನ್ಸೆಲಿಂಗ್ ಕೋರ್ಸ್ ಮಾಡುತ್ತಿದ್ದಾಳೆ. ಮೊನ್ನೆ ಬಂದು ಟೇಬಲ್ಲಿನ ಮೇಲೆ ದೊಡ್ಡ ಚಾರ್ಟ್ ಹಾಸಿದಳು. ಫ್ಯಾಮಿಲಿ ಥೆರಪಿಯಲ್ಲಿ ಹೀಗೆಯೇ ಬರೆಯಬೇಕಂತೆ: ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಅಂತಃಕರಣ ಇದ್ದಲ್ಲಿ ಜೋಡಿ ಗೆರೆ, ಜಗಳ ಇದ್ದಲ್ಲಿ ಗರಗಸದ ಹಲ್ಲಿನಂಥ ಗೆರೆ. "ಅಜ್ಜಿ, ಬಾಣಂತನದಾಗ ನಿಮ್ಮ ಅವ್ವಗ ಸಪೋರ್ಟ್ ಸಿಸ್ಟಮ್ ಅಂತ ಯಾರಿದ್ದರು?" ಎಂದು ಕೇಳುತ್ತ, ಯೋಚನೆಯಲ್ಲಿ ಪೆನ್ನಿನಿಂದ ಟೇಬಲ್ ಬಡಿದಳು. ಟಕ್, ಟಕ್. ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಸಿಲ್ಲಿ, ಐ ನೋ. ಆದರೆ ಕೂತಲ್ಲಿ ಕೂಡಲಾಗಲಿಲ್ಲ. ಅಂದಿನಿಂದ ನನ್ನ ತಲೆಯಲ್ಲಿ ನಮ್ಮ ನರ್ಸಬಾಯಿ ಸುಳಿದಾಡುತ್ತಿದ್ದಾರೆ.

ಹೈದರಾಬಾದ ಸಂಸ್ಥಾನ ಹೋಗಿ ನಾವು ಮುಂಬೈ ರಾಜ್ಯಕ್ಕೆ ಸೇರಿದ ಹೊಸತು. ನಮ್ಮೂರು ಉಮರ್ಗಾದ ಕಚೇರಿಗಳ ಮೇಲಿನ ಉರ್ದು ಬೋರ್ಡುಗಳು ಇಳಿದು ಮರಾಠಿ ಬೋರ್ಡುಗಳು ಏರುತ್ತಿದ್ದವು. ಮುಂಬೈ ಕಡೆಯ ಘಟ್ಟದ ಸೀಮೆಯಿಂದ ಹೊಸ ನೌಕರದಾರರು ಬರುತ್ತಿದ್ದರು. ಹಾಗೆ ದವಾಖಾನೆಗೆ ಬಂದವರು ನರ್ಸಬಾಯಿ. ಬಿಳಿ ಸೀರೆ, ಕ್ಯಾನ್ವಾಸ್ ಬೂಟು, ಬಿಸಿಲಿರಲಿ ಇಲ್ಲದಿರಲಿ ಬಗಲಲ್ಲಿ ಕರಿ ಛತ್ರಿ. ಅವರ ಮನೆಮಾತು ಮರಾಠಿ. ಕನ್ನಡವನ್ನು ರೋಗಿಗಳಿಂದಲೇ ಕಲಿತಿದ್ದರು. ಹಾಗಾಗಿ ನೋವು, ಜ್ವರ, ಭೇದಿಯ ಕನ್ನಡ ಫಸ್ಟ್ ಕ್ಲಾಸ್ ಬರುತ್ತಿತ್ತು, ಉಳಿದದ್ದೆಲ್ಲ ಅಂದಾಜು.

ನಮ್ಮ ಮನೆಯಲ್ಲಿ ಹಿರಿಯರು ಅಂದರೆ ದೊಡ್ಡಪ್ಪ, ನಮ್ಮ ಅಪ್ಪನ ಅಣ್ಣ. ನಲವತ್ತೆಂಟರ ಪೊಲೀಸ್ ಆ್ಯಕ್ಷನ್ನಿನ ಗದ್ದಲದಲ್ಲಿ ತಲಬಾಗಿಲಿಗೆ ಅಡ್ಡ ಮಲಗಿ ಮನೆ ಕಾದವರು. ಗದ್ದಲ ಮುಗಿದು ವರ್ಷಗಳಾದರೂ ಅವರು ಆ ಕಾವಲಿನಿಂದ ಇಳಿಯಲೇ ಇಲ್ಲ. ಹೊಸ್ತಿಲಲ್ಲಿ ಅವರು ಕೆಮ್ಮಿದರೆ ಸಾಕು, ಅವ್ವ ಸೆರಗು ಎಳೆದುಕೊಂಡು ಗೋಡೆಗೆ ಅಂಟುತ್ತಿದ್ದಳು. ಅವ್ವನಿಗೆ ಅವರು ಭಾವ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ಮಾತಾಡುವಂತಿಲ್ಲ. ಹೇಳಲೇಬೇಕಾದರೆ ನಡುವೆ ನಾನು. "ಊಟಕ್ಕ ಏಳ್ರಿ ಅಂತ ಹೇಳವಾ" ಎಂದು ಅವ್ವ, "ಹಸಿವಿಲ್ಲಂತ ಹೇಳು" ಎಂದು ದೊಡ್ಡಪ್ಪ. ಇಬ್ಬರೂ ಅಡ್ಡ ಮಾರಿಯಿಂದ, ಒಬ್ಬರ ಮುಖ ಒಬ್ಬರು ನೋಡದೆ.

ತಂಗಿ ಹುಟ್ಟಿದ ಮೇಲೆ ಅವ್ವನ ನಿದ್ದೆ ಹಾರಿತು. ಎದೆಹಾಲು ಬತ್ತಿತು. ಓಣಿಯವರು ಬಾಣಂತಿ ಸನ್ನಿ ಅಂದರು. ಇವತ್ತಾಗಿದ್ದರೆ ಡಿಪ್ರೆಶನ್ ಅನ್ನುತ್ತಿದ್ದರೇನೋ... ಮಾಕಣಿಯಲ್ಲಿ ಅವ್ವನ ಅಕ್ಕ ಇದ್ದಳು, ತವರು ಅಂತ ಉಳಿದದ್ದು ಅವಳೊಬ್ಬಳೇ. ಅಲ್ಲಿಗೆ ಕಳಿಸಿರಿ ಎಂದು ಅವ್ವ ಅಪ್ಪನ ಬೆನ್ನು ಬಿದ್ದಳು. ಅಪ್ಪ ಅಳುಕುತ್ತಲೇ ಅಣ್ಣನನ್ನು ಕೇಳಿದ. ದೊಡ್ಡಪ್ಪನ ಉತ್ತರ ಅಡಿಗೆಮನೆಗೂ ಕೇಳಿಸಿತು.

"ಇಂಥಾ ಹಾಲತ್ತಿನ್ಯಾಗ ಕಳಿಸಿದರ ಪ್ಯಾಟಿ ಮಂದಿ ಏನಂತಾರ? ಹುಚ್ಚೀನ ತವರಿಗಿ ಅಟ್ಟಿದರು ಅಂತಾರ. ಹಿಂಗೇ ನಡದರ ನಿನಗ ಇನ್ನೊಂದು ಸಂಬಂಧ ನೋಡೂದೇ ಆಗ್ತದ."

ಅಪ್ಪ ಮರುದಿನ ವ್ಯಾಪಾರದ ನೆಪದಲ್ಲಿ ಉದಗೀರಕ್ಕೆ ಹೋಗಿಬಿಟ್ಟ. ಅವತ್ತಿನಿಂದಲೇ ಆ ಕಾಲುಂಗುರದ ಸಪ್ಪಳ ಶುರುವಾದದ್ದು.

ನರ್ಸಬಾಯಿ ಬಂದದ್ದು ಕೂಸಿನ ತೂಕ ನೋಡಲು. ನೋಡಿದ್ದು ಅವ್ವನ ಕಣ್ಣು. "ಕಾಯ್ ಬಾಯಿ, ಮಲಗಂಗಿಲ್ಲೇನು?" ಎಂದರು. ಅವ್ವ ತೊಗರಿಯ ಮೊರ ಎಳೆದುಕೊಂಡು ಕಾಳು ಆರಿಸತೊಡಗಿದಳು. ನರ್ಸಬಾಯಿ ಬೂಟು ಕಳಚಿ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ಕಾಳುಗಳನ್ನು ಪಕ್ಕದ ಬುಟ್ಟಿಗೆ ಸುರುವಿ, ಖಾಲಿ ಮೊರದ ನಡುವೆ ಒಂದೇ ಒಂದು ಕಾಳು ಇಟ್ಟರು.

"ಇದು ನೀವು. ಈಗ ನಿಮ್ಮ ಮಂದೀನ ಇಡ್ರಿ. ಹತ್ತರ ಇದ್ದವರು ಹತ್ತರ, ದೂರ ಇದ್ದವರು ದೂರ."

"ನಾ ಏನ್ ಸಣ್ಣ ಹುಡುಗೀನ್ರಿ, ಆಟ ಆಡಲಾಕ?" ಅವ್ವ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು. ಆಮೇಲೆ ಒಂದೊಂದೇ ಇಟ್ಟಳು. ನಾನು ಮತ್ತು ತಂಗಿ ಅವಳ ಕಾಳಿನ ಬುಡದಲ್ಲಿ. ಅಪ್ಪ ಮೊರದ ಅಂಚಿನಲ್ಲಿ. "ಇವ್ರು ಉದಗೀರದಾಗ." ಮಾಕಣಿಯ ಅಕ್ಕ ಮೊರದ ಹೊರಗೆ, ನೆಲದ ಮೇಲೆ. ಕೊನೆಗೆ ತೊಗರಿಯಲ್ಲಿ ಸಿಕ್ಕಿದ್ದ ಒಂದು ಹರಳನ್ನು ಎತ್ತಿ ತನ್ನ ಕಾಳಿಗೆ ತಾಗುವಷ್ಟು ಹತ್ತಿರ ಇಟ್ಟಳು.

"ಇದು ಯಾರು?"

"ಭಾವ" ಎಂದಳು ಅವ್ವ. ಬರೀ ಆ ಮಾತಿಗೇ ಸೆರಗು ಸರಿಮಾಡಿಕೊಂಡು ಎದೆಯ ಮೇಲೆ ಕೈ ಇಟ್ಟುಕೊಂಡಳು.

ಮರಾಠಿಯಲ್ಲಿ ಭಾವು ಅಂದರೆ ಅಣ್ಣ ಅಥವಾ ತಮ್ಮ. ಒಡಹುಟ್ಟಿದವನು. ನರ್ಸಬಾಯಿಯ ಮುಖ ಅರಳಿತು. "ದಗಡಾಸಾರಖಾ ಭಾವು! ಕಲ್ಲಿನಂಥಾ ಭಾವು ಇಷ್ಟು ಹತ್ತರ ಇದ್ದಾನ, ಮತ್ತ ಚಿಂತಿ ಯಾಕ?"

ಅವ್ವನಿಗೆ ಅದು ಅರ್ಥವಾಗಲಿಲ್ಲ. ಅವಳು ಬೇರೆಯದನ್ನೇ ಹೇಳತೊಡಗಿದ್ದಳು. "ನನಗ ಮಾಕಣಿಗಿ ಹೋಗಬೇಕ್ರಿ ಬಾಯಿ. ಅಲ್ಲಿ ಹ್ವಾದರ ನಿದ್ದಿ ಬರ್ತದ. ಈ ಮನೀ ಹಿರ್ಯಾರು ಬಿಡವಲ್ಲರು. ಇನ್ನೊಂದು ಹೆಣ್ಣು ತರ್ತಾರಂತ..." ಅಷ್ಟರಲ್ಲಿ ಕೂಸು ಎದ್ದು ಚೀರಿತು. ಅವ್ವ ಒಳಗೆ ಓಡಿದಳು. ನರ್ಸಬಾಯಿ ಛತ್ರಿ ಎತ್ತಿಕೊಂಡು ನನ್ನ ಕೈ ಹಿಡಿದರು. ಮಕ್ಕಳೆಲ್ಲ ಅವರಿಗೆ ಬಾಳಾ, ಅಂದರೆ ಮಗು. "ನಡಿ ಬಾಳಾ, ಭಾವು ಎಲ್ಲಿದ್ದಾನ ತೋರಸು."

ಭಾವ ಅಂದರೆ ದೊಡ್ಡಪ್ಪ ತಾನೆ? ನಾನು ನೇರ ಪೇಟೆಗೆ, ಅವರ ದುಕಾನಿಗೆ ಕರೆದೊಯ್ದೆ.

ದುಕಾನಿನ ತುಂಬ ಗಿರಾಕಿಗಳು. ದೊಡ್ಡಪ್ಪ ಗಾದಿಯ ಮೇಲೆ, ಹಣೆಯ ತುಂಬ ವಿಭೂತಿ. ನರ್ಸಬಾಯಿ ಮೆಟ್ಟಿಲ ಕೆಳಗೆ ನಿಂತೇ ಶುರು ಮಾಡಿದರು. "ಭಾವು, ನೀವು ಇಷ್ಟು ಹತ್ತರ ಇದ್ದೂ ತಂಗೀದು ಹಿಂಗ್ಯಾಕ ಆಗ್ಯಾದ? ಆ ಮನ್ಯಾಗ ಒಬ್ಬಾಂವ ಹಿರ್ಯಾ ಅದಾನಂತ. ಬಾಣಂತಿ ಮ್ಯಾಲ ಪಹರೆ ಮಾಡ್ತಾನಂತ, ಮಾಕಣಿಗಿ ಕಳಸವಲ್ಲನಂತ. ಸವತೀನ ತರ್ತೀನಿ ಅಂತಾನಂತ. ಅಂಥಾವಗ ನೀವೂ ಹೆದರತೀರೇನು?"

ಚೀಲ ಹೊರುತ್ತಿದ್ದ ಹಮಾಲ ಮುಖ ಆ ಕಡೆ ತಿರುಗಿಸಿ, "ಹೌದ್ರಿ ಬಾಯಿ, ಆ ಹಿರ್ಯಾಗ ನಮ್ಮ ಸಾವಕಾರ್ರೂ ಭಾಳ ಹೆದರತಾರ" ಅಂದ. ಯಾರೋ ಕಿಸಕ್ಕೆಂದರು. ದೊಡ್ಡಪ್ಪನಿಗೆ ಮರಾಠಿ, ಉರ್ದು ಎರಡೂ ನೀರು ಕುಡಿದಷ್ಟು ಸಲೀಸು. ಭಾವು ಎಂಬ ಮಾತಿಗೇ ಎಲ್ಲ ತಿಳಿದಿರಬೇಕು. ಆದರೆ ಆ ಹಿರ್ಯಾ ತಾನೇ ಎಂದು ಪೇಟೆಯ ನಡುವೆ ಹೇಗೆ ಹೇಳುವುದು?

ನರ್ಸಬಾಯಿ ದನಿ ಇಳಿಸಿದರು. "ಮೊರದಾಗ ಕಾಳು ಇಡ್ರಿ ಅಂದೆ. ಗಂಡನ್ನ ಅಂಚಿಗಿ ಇಟ್ಟಳು. ಎಲ್ಲಾರಕಿಂತ ಹತ್ತರ ನಿಮ್ಮನ್ನ ಇಟ್ಟಾಳ."

"ನನ್ನ?"

"ನಿಮ್ಮನ್ನೇ. ಕಲ್ಲಿನ ಹರಳು ಇಟ್ಟಾಳ."

ದೊಡ್ಡಪ್ಪ ಆ ಹರಳಿನ ಮಾತಿಗೆ ತಲೆ ತಗ್ಗಿಸಿದರು. ತಕ್ಕಡಿಯ ಸರಪಳಿಯನ್ನು ಸುಮ್ಮಸುಮ್ಮನೆ ಸರಿಮಾಡಿದರು. ಆಮೇಲೆ, "ನಾಳಿ ಗಾಡಿ ಹೂಡ್ತೀನ್ರಿ ಬಾಯಿ" ಅಂದರು. ಅಷ್ಟೇ.

ಮರುದಿನ ಗಾಡಿ ಹೊಡೆದವರೂ ಅವರೇ, ಆಳನ್ನು ಕಳಿಸಲಿಲ್ಲ. "ಹುಲ್ಲು ದಪ್ಪ ಹಾಸೇನಿ, ಕೂಸಿಗಿ ಧಕ್ಕಿ ಹತ್ತಂಗಿಲ್ಲ ಅಂತ ಅವ್ವಗ ಹೇಳು" ಅಂದರು ನನಗೆ. ದಾರಿಯಲ್ಲಿ ಅವ್ವ ನನ್ನನ್ನು ಹತ್ತಿರ ಎಳೆದು, "ಏನಾತ? ಹೆಂಗ ಒಪ್ಪಿದರ?" ಎಂದು ಪಿಸುಗುಟ್ಟಿದಳು. ನಾನು ದುಕಾನಿನ ಮಾತೆಲ್ಲ ಕಿವಿಯಲ್ಲಿ ಹೇಳಿದೆ. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳ ಹೆಗಲು ಕುಲುಕುತ್ತಿತ್ತು. ನಕ್ಕಳೋ ಅತ್ತಳೋ... ಮುಂದೆ ಕೂತ ದೊಡ್ಡಪ್ಪ ಎತ್ತುಗಳ ಕಡೆಗೇ ನೋಡುತ್ತಿದ್ದರು. ಮಾಕಣಿಯಲ್ಲಿ ನೀರು ಕುಡಿದು ಗಾಡಿ ತಿರುಗಿಸುವಾಗ, ಅಂಗಳದ ಗೋಡೆಗೆ ಹೇಳಿದಂತೆ ಹೇಳಿದರು: "ಎಷ್ಟು ದಿನ ಬೇಕಾದರೂ ಇರಲಿ. ಈ ಮನಿಗಿ ಇನ್ನೊಂದು ಹೆಣ್ಣು ಬರಂಗಿಲ್ಲ."

ಅವ್ವ ಅಲ್ಲಿ ನಿದ್ದೆ ಮಾಡಿದಳು. ಎದೆಗೆ ಹಾಲು ಇಳಿಯಿತು. ದೀಪಾವಳಿಗೆ ತಿರುಗಿ ಬಂದಳು. ಎಲ್ಲ ನೆಟ್ಟಗಾಯಿತು ಅಂತಲ್ಲ, ಕೆಲವು ದಿನ ಮತ್ತೆ ಅಡ್ಡಾಡುತ್ತಿದ್ದಳು. ಭಾವನ ಜೊತೆ ಅವಳು ಆಮೇಲೂ ಮಾತಾಡಲಿಲ್ಲ, ಅವರೂ ಆಡಲಿಲ್ಲ. ಆದರೆ ದೊಡ್ಡಪ್ಪ ಈಗ ಹೊಸ್ತಿಲಲ್ಲಿ ಕೆಮ್ಮುತ್ತಿರಲಿಲ್ಲ. ಓಣಿಯ ಮೂಲೆಯಿಂದಲೇ ಕೆಮ್ಮುತ್ತ ಬರುತ್ತಿದ್ದರು, ಅವ್ವನಿಗೆ ಸೆರಗು ಸರಿಮಾಡಿಕೊಳ್ಳಲು ಹೊತ್ತು ಸಿಗುತ್ತಿತ್ತು.

ಇದಕ್ಕೆ ಜೋಡಿ ಗೆರೆ ಎಳೆಯಲೋ, ಹಲ್ಲಿನ ಗೆರೆ ಎಳೆಯಲೋ? ಅವ್ವ ಹೋದಳು, ಅಪ್ಪ ಹೋದ, ತಂಗಿಯೂ ಹೋದಳು. ಆ ಮೊರದಲ್ಲಿ ಕಾಳಾಗಿ ಕೂತಿದ್ದವರಲ್ಲಿ ಈಗ ನಾನೊಬ್ಬಳೇ. ನಾನು ಕಂಡದ್ದು ಸರಿಯೇ ಎಂದು ಕೇಳಲು ಒಬ್ಬರೂ ಇಲ್ಲ.

ನರ್ಸಬಾಯಿಯನ್ನು ಕೊನೆಯ ಸಲ ನೋಡಿದ್ದು ಉದಗೀರದ ಮೋಟಾರ್ ಸ್ಟ್ಯಾಂಡಿನಲ್ಲಿ, ಮಹಾರಾಷ್ಟ್ರ ಆದ ವರ್ಷ. ನಾನು ಸೋಲಾಪುರದ ಕಾನ್ವೆಂಟಿನಿಂದ ರಜೆಗೆ ಬಂದಿದ್ದೆ, ವ್ಯಾಪಾರಕ್ಕೆ ಹೊರಟ ಅಪ್ಪನ ಜೊತೆ ಉದಗೀರಕ್ಕೆ ಹೋಗಿದ್ದೆ. ನರ್ಸಬಾಯಿಗೆ ನಿಲಂಗಾಕ್ಕೆ ವರ್ಗವಾಗಿತ್ತು. ಬಸ್ಸಿನ ಕಿಟಕಿಯಿಂದ ನನ್ನನ್ನು ಗುರುತು ಹಿಡಿದು ಕೂಗಿದರು. "ಬಾಳಾ! ನಿನ್ನ ಮಾಮಾ ಹೆಂಗಿದ್ದಾರ?"

ದೊಡ್ಡಪ್ಪ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಹಾಗೆಯೇ ಹೇಳಿದೆ. ನರ್ಸಬಾಯಿಯ ಕಣ್ಣು ತುಂಬಿತು. "ಅಂಥಾ ಭಾವು... ನಿನ್ನ ಅವ್ವ ಭಾಳ ಅತ್ತಿರಬೇಕು."

"ಹೌದ್ರಿ" ಅಂದೆ. ಅದು ಸುಳ್ಳಲ್ಲ. ಅವತ್ತು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವಳು ಅವ್ವನೇ.

ಬಸ್ಸು ಹೊರಟಿತು. ಧೂಳಿನಲ್ಲಿ ಕಾಣದಾಗುವ ತನಕ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು, ನನ್ನ ಮಾಮನಿಗಾಗಿ. ನನಗೆ ಮಾಮನೇ ಇರಲಿಲ್ಲ. ಅವ್ವನಿಗೆ ಅಣ್ಣತಮ್ಮಂದಿರು ಹುಟ್ಟಿಯೇ ಇರಲಿಲ್ಲ.