ಎರಡು ಹೊಗೆಗಳ ವ್ಯಾಜ್ಯ

ಮೊನ್ನೆ ಹೈದರಾಬಾದಿನ ಮಾದಾಪುರದ ನಮ್ಮ ಆಫೀಸಿನ ಹಿಂಭಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಸಿಗರೇಟು ಹಚ್ಚಿದ್ದೆ. ಆ ಹೊತ್ತಿಗೆ ಕ್ಯಾಂಟೀನಿನ ಕಡೆಯಿಂದ ಜೋಳದ ರೊಟ್ಟಿ ತುಸು ಸೀದ ವಾಸನೆ ತೇಲಿಬಂದು ನನ್ನ ಹೊಗೆಯೊಳಗೆ ಬೆರೆಯಿತು. ಇದೇನು ಮಹಾ ಸಂಗತಿ ಎಂದು ನಿಮಗನ್ನಿಸಬಹುದು. ನನಗೆ ಮಾತ್ರ ಸಿಗರೇಟು ಕೈಯಲ್ಲೇ ಉಳಿಯಿತು. ಮನಸ್ಸು ಹೇಳದೆ ಕೇಳದೆ ಊರಿನ ಇನ್ನೊಂದು ತುದಿಯ ತಾರ್ನಾಕಕ್ಕೆ ಹೋಗಿ ಗಂಗಕ್ಕನ ಖಾನಾವಳಿಯ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು.

ಅಲ್ಲಿಗೆ ನಿಮ್ಮನ್ನೂ ಕರೆದೊಯ್ಯುವ ಮುನ್ನ ಇಲ್ಲಿಯ ಸುದ್ದಿ ಹೇಳಿಬಿಡುತ್ತೇನೆ. ನಮ್ಮ ಆವರಣದಲ್ಲಿ ಸಿಗರೇಟನ್ನು ಪೂರ್ತಿ ನಿಲ್ಲಿಸಬೇಕೆಂದು ಮೇಲಿನವರು ಯೋಚಿಸುತ್ತಿದ್ದಾರೆ. ಮೊದಲು ಮೆಟ್ಟಿಲು ಹೋಯಿತು, ಆಮೇಲೆ ಮಾಳಿಗೆ ಹೋಯಿತು, ಈಗ ಉಳಿದಿರುವುದು ಈ ಹಿತ್ತಿಲ ಮೂಲೆಯೊಂದೇ. ಇದೂ ಹೋದೀತೆಂದು ನಮ್ಮ ಬಳಗ ಕಂಗಾಲಾಗಿದೆ. ಮೈಸೂರಿನವರು, ಮಂಗಳೂರಿನವರು, ವರಂಗಲ್ಲಿನವರು, ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬಲ್ಲಿಂದ ಶುರುವಾಗಿ ಯಾವುದರಲ್ಲೂ ಹೊಂದಿಕೆಯಿಲ್ಲದವರು, ಇದೊಂದು ವಿಷಯದಲ್ಲಿ ಅಣ್ಣತಮ್ಮಂದಿರಾಗಿದ್ದಾರೆ. ನಿಷೇಧದ ವಿರುದ್ಧ ಅರ್ಜಿ ಬರೆಯುವ ಕೆಲಸ ನನ್ನ ಹೆಗಲಿಗೆ ಬಿದ್ದಿದೆ. ಬಳಗಕ್ಕೆಲ್ಲ ಹಿರಿಯ, ಮಾತಿನಲ್ಲಿ ಗಟ್ಟಿಗ ಎಂದು ಹೊಗಳಿದರು. ಹೊಗಳಿಕೆಗೆ ನಾನು ಯಾವತ್ತೂ ಬೇಗ ಕರಗುವ ಪ್ರಾಣಿ. ಹೂಂ ಅಂದುಬಿಟ್ಟೆ.

ಗಂಗಕ್ಕ ಲಿಂಗಸೂಗೂರಿನ ಕಡೆಯ ಹೆಂಗಸು. ಗಂಡ ತೀರಿದ ಮೇಲೆ ತಾರ್ನಾಕದಲ್ಲಿ ಒಂದು ಹಳೆಯ ಮನೆ ಬಾಡಿಗೆಗೆ ಹಿಡಿದು ಖಾನಾವಳಿ ನಡೆಸುತ್ತಿದ್ದಳು. ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ರಸ್ತೆಯ ಧೂಳು ತಟ್ಟೆಯವರೆಗೂ ಬರುತ್ತಿತ್ತು. ಹಿತ್ತಿಲಿನ ತಗಡಿನ ಚಪ್ಪರದಡಿ ಕಟ್ಟಿಗೆಯ ಒಲೆ, ಅದರ ಮೇಲೆ ಕರ್ರಗಿನ ಹಂಚು, ಮುಂದೆ ಗಂಗಕ್ಕ. ಅವಳು ರೊಟ್ಟಿ ಬಡಿಯುವ ಸದ್ದು ಬೀದಿಯ ತಿರುವಿಗೇ ಕೇಳುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ನಮ್ಮ ಹೆಜ್ಜೆಗಳು ತಾವಾಗಿಯೇ ಬೇಗ ಬೇಗ ಬೀಳುತ್ತಿದ್ದವು.

ಭಾನುವಾರದ ಮಧ್ಯಾಹ್ನದ ಊಟ ಅಲ್ಲಿ ಬರೀ ಊಟವಲ್ಲ, ಒಂದು ಸಭೆ. ಉಂಡೆದ್ದವರು ಮನೆಗೆ ಹೋಗುವ ಪದ್ಧತಿ ಇರಲಿಲ್ಲ. ಪಡಸಾಲೆಯಲ್ಲಿ ಗೋಡೆಗೊರಗಿ ಕೂತು ಎಲೆ ಅಡಿಕೆ ಹಾಕುವವರು ಹಾಕಿ, ಸಿಗರೇಟು ಸೇದುವವರು ಸೇದಿ, ದೇಶದ ಸಮಸ್ಯೆಗಳನ್ನೆಲ್ಲ ಒಂದೊಂದಾಗಿ ಬಗೆಹರಿಸಿದ ಮೇಲೆಯೇ ಏಳಬೇಕು. ಸಭಾಪತಿ ಪಾಟೀಲ ವಕೀಲರು. ಕೋರ್ಟಿನಲ್ಲಿ ಅವರು ಎಷ್ಟು ಕೇಸು ಗೆದ್ದರೋ ದೇವರೇ ಬಲ್ಲ, ಪಡಸಾಲೆಯಲ್ಲಿ ಒಂದನ್ನೂ ಸೋತವರಲ್ಲ. ನಾನು ಆಗ ಹೊಸದಾಗಿ ಕೆಲಸಕ್ಕೆ ಸೇರಿದವನು. ಸಿಗರೇಟಿನ ಚಟ ನಿಜವಾಗಿ ಇರಲಿಲ್ಲ. ವಕೀಲರು ಪ್ಯಾಕೆಟ್ಟು ಚಾಚಿದರೆ ಬೇಡವೆನ್ನುವುದು ಅವರಿಗೆ ಅವಮಾನ ಎಂದು ತಿಳಿದು ಕಲಿತೆ. ಒಂದೊಂದು ದಮ್ಮಿಗೂ ಕಣ್ಣಲ್ಲಿ ನೀರು ಬರುತ್ತಿತ್ತು. ಭಾವುಕ ಮನುಷ್ಯ ಎಂದು ಜನ ಅಂದುಕೊಂಡರು.

ಒಂದು ಭಾನುವಾರ ಹೋಗಿ ನೋಡುತ್ತೇವೆ, ಗೋಡೆಯ ಮೇಲೆ ಬಸವಣ್ಣನ ಕ್ಯಾಲೆಂಡರಿನ ಕೆಳಗೆ ರಟ್ಟಿನ ಬೋರ್ಡು: "ಒಳಗ ಸಿಗರೇಟ ಸೇದಬ್ಯಾಡ್ರಿ." ಊರಲ್ಲೆಲ್ಲ ಇಂಥ ಸರಕಾರಿ ಬೋರ್ಡುಗಳಿದ್ದವು, ನಾವು ಅವುಗಳ ಕೆಳಗೇ ನಿಂತು ಸೇದುತ್ತಿದ್ದೆವು. ಇದು ಹಾಗಲ್ಲ. ಅನ್ನ ಹಾಕುವ ಕೈ ಬರೆದ ಬೋರ್ಡು. ಊಟ ಮುಗಿಯಿತು. ಕೈ ತೊಳೆದ ಮೇಲೆ ವಕೀಲರು ಗಂಟಲು ಸರಿಮಾಡಿಕೊಂಡರು.

"ಗಂಗಕ್ಕ, ಇದು ಅನ್ಯಾಯ ಐತಿ. ಇದನ್ನ ನಿಮ್ಮ ಮನಿ ಅಂತ ತಿಳಕೋರಿ ಅಂತ ನೀವ ಹೇಳಿದ್ರಿ. ಮನಿಯೊಳಗ ಎಂಥಾ ಕಾಯ್ದೆರೀ?"

ಗಂಗಕ್ಕ ತಟ್ಟೆ ಎತ್ತುತ್ತಲೇ ಕೇಳಿದಳು. "ಹೌದಲ್ರೀ ವಕೀಲರ, ನಿಮ್ಮ ಮನ್ಯಾಗ ಸೇದ್ತೀರೇನು?"

ವಕೀಲರ ಹೆಂಡತಿ ಅವರನ್ನು ಮಾಳಿಗೆಗೆ ಅಟ್ಟುತ್ತಾರೆಂಬುದು ತಾರ್ನಾಕಕ್ಕೆಲ್ಲ ಗೊತ್ತಿದ್ದ ಸತ್ಯ. ಪಡಸಾಲೆ ಗೊಳ್ಳೆಂದು ನಕ್ಕಿತು.

"ಸಾಕ್ಷಿದಾರರು ವಕೀಲರಿಗೆ ಸವಾಲು ಹಾಕೂಹಂಗಿಲ್ಲ" ಎಂದರು ಪಾಟೀಲರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆಮೇಲೆ ಮೆಟ್ರೊ ಧೂಳನ್ನು ಕರೆತಂದರು, ಬಸ್ಸಿನ ಹೊಗೆಯನ್ನು ಕರೆತಂದರು. ಇಡೀ ಹೈದರಾಬಾದೇ ಹೊಗೆ ಉಗುಳುತ್ತಿರುವಾಗ ಬಡಪಾಯಿ ಸಿಗರೇಟಿನ ಮೇಲೇ ಯಾಕೆ ಕಣ್ಣು ಎಂದರು. ಗಂಗಕ್ಕ ಒಂದೇ ಮಾತು ಹೇಳಿದಳು. "ಬಸ್ಸು ನನ್ನ ಪಡಸಾಲ್ಯಾಗ ಬಂದು ಕುಂದರೂದಿಲ್ರಿ."

ವಕೀಲರು ಸೋಲುವ ಲಕ್ಷಣ ಕಂಡಿತು. ಆಗ ನೋಡಿ, ನನ್ನ ನಾಲಿಗೆ ತುರಿಸಿತು. ಸುಮ್ಮನಿದ್ದರೆ ಯಾರೂ ನನ್ನನ್ನು ಏನೂ ಅನ್ನುತ್ತಿರಲಿಲ್ಲ. ಆದರೆ ಅಷ್ಟು ಜನರ ಮುಂದೆ ಜಾಣನಾಗುವ ಅವಕಾಶ ಬಿಡುವುದುಂಟೆ?

"ಅಕ್ಕಾರ, ಒಂದು ಮಾತು" ಎಂದೆ. "ದಿನಕ್ಕ ನಿಮ್ಮ ಒಲಿ ಎಷ್ಟು ಹೊಗಿ ಬಿಡತೈತಿ? ಅದರ ಮುಂದ ನಮ್ಮ ನಾಕು ಸಿಗರೇಟ ಯಾವ ಮೂಲಿಗ್ರೀ? ಹೊಗಿ ಬ್ಯಾಡಂದ್ರ ಮೊದಲ ಒಲಿ ಆರಸ್ರಿ!"

ಚಪ್ಪಾಳೆ ಬಿತ್ತು. ವಕೀಲರು ಎದ್ದು ಬಂದು ನನ್ನ ಬೆನ್ನು ಚಪ್ಪರಿಸಿ, "ಶಭಾಷ್! ನೀ ಕರಿ ಕೋಟು ಹಾಕಬೇಕಾಗಿತ್ತು ನೋಡಪಾ" ಎಂದು ಸ್ವತಃ ಕಡ್ಡಿ ಗೀರಿ ನನ್ನ ಸಿಗರೇಟು ಹಚ್ಚಿದರು. ಗಂಗಕ್ಕ ನನ್ನನ್ನು ಒಮ್ಮೆ ನೋಡಿ ಒಳಗೆ ಹೋದಳು. ಅಂದು ಬೋರ್ಡಿನ ಕೆಳಗೇ ಕೂತು ಎಲ್ಲರೂ ಸೇದಿದೆವು. ನನಗೆ ಆ ದಿನ ಕಣ್ಣಲ್ಲಿ ನೀರು ಬರಲಿಲ್ಲ. ಗೆದ್ದ ಖುಷಿಗೆ ಅದೊಂದು ಗುಣ ಇದೆ.

ಮರುದಿನ ಮಧ್ಯಾಹ್ನ ಬೀದಿಯ ತಿರುವಿನಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ. ಒಳಗೆ ಹೋಗಿ ಕೂತರೆ ತಟ್ಟೆಗೆ ನೆನೆಸಿದ ಅವಲಕ್ಕಿ, ಮೊಸರು, ಒಂದು ಹಸಿಮೆಣಸಿನಕಾಯಿ ಬಿತ್ತು. ಒಬ್ಬರ ಮುಖ ಒಬ್ಬರು ನೋಡಿದೆವು. ಹುಷಾರಿಲ್ಲವೇನೋ ಅಂದುಕೊಂಡೆವು. ಮಂಗಳವಾರವೂ ಅವಲಕ್ಕಿ. ಬುಧವಾರವೂ ಅವಲಕ್ಕಿ. ಜೋಳದ ರೊಟ್ಟಿಯ ಮೇಲೆ ಬೆಳೆದ ದೇಹಗಳು ನಮ್ಮವು. ಅವಲಕ್ಕಿ ತಿಂದು ಆಫೀಸಿಗೆ ಹೋದರೆ ನಾಲ್ಕು ಗಂಟೆಗೆಲ್ಲ ಕಣ್ಣು ಕತ್ತಲೆ. ಗುರುವಾರ ವಕೀಲರೇ ಸೋತು ಕೇಳಿದರು.

"ಗಂಗಕ್ಕ, ರೊಟ್ಟಿ ಯಾಕ ಇಲ್ರೀ?"

"ಒಲಿ ಆರಿಸೀನ್ರಿ" ಎಂದಳು ಗಂಗಕ್ಕ, ನನ್ನ ಕಡೆ ಕೈ ತೋರಿಸಿ. "ಈ ತಮ್ಮ ಹೇಳಿದ್ದು ಖರೇ ಐತಿ. ಹೊಗಿ ಅಂದ್ರ ಎಲ್ಲಾ ಹೊಗೀನ. ನಂದು ನಾ ಆರಿಸೀನಿ. ನಿಮ್ಮದು ನೀವು ಯಾವಾಗ ಆರಸ್ತೀರಿ?"

ಅವಳು ಸೊಂಟದ ಎಲೆ ಅಡಿಕೆಯ ಚೀಲಕ್ಕೆ ಕೈ ಹಾಕಿದಳು. ಹೊರಬಂದದ್ದು ಅಡಿಕೆಯಲ್ಲ, ಉಬ್ಬಸದವರು ಬಾಯಿಗಿಟ್ಟು ಎಳೆದುಕೊಳ್ಳುವ ನೀಲಿ ಪಂಪು. ಎರಡು ಸಲ ಎಳೆದುಕೊಂಡು, ಉಸಿರು ತಹಬಂದಿಗೆ ಬರುವವರೆಗೆ ಸುಮ್ಮನೆ ನಿಂತಳು.

"ಡಾಕ್ಟರು ಹೊಗಿಂದ ದೂರ ಇರು ಅಂದಾರ. ಒಲಿಂದ ದೂರ ಆದ್ರ ನನ್ನ ಹೊಟ್ಟಿಗೇನು, ನಿಮ್ಮ ಹೊಟ್ಟಿಗೇನು? ಎರಡು ಹೊಗಿಯೊಳಗ ಒಂದರಿಂದ ಹತ್ತು ಮಂದಿ ಹೊಟ್ಟಿ ತುಂಬತೈತಿ. ಇನ್ನೊಂದರಿಂದ ಏನು ತುಂಬತೈತಿ, ನೀವ ಹೇಳ್ರಿ ವಕೀಲರ."

ವಕೀಲರು ಜೇಬಿನಿಂದ ಪ್ಯಾಕೆಟ್ಟು ತೆಗೆದು ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಎರಡರಲ್ಲಿ ಬಿಡಬಹುದಾದ ಒಂದೇ ಒಂದು ಹೊಗೆಯನ್ನು ಬಿಡಿಸಿಕೊಡಿ ಎಂದು ನಮ್ಮನ್ನು ಕೇಳಿದ್ದಳು. ನಾನು ಬಿಡಲಾಗದ ಇನ್ನೊಂದನ್ನು ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಇಂಥ ಜಾಣತನಕ್ಕೆ ನಮ್ಮ ಕಡೆ ಬೇರೆ ಹೆಸರಿದೆ, ಅಚ್ಚು ಹಾಕಿಸುವಂಥದಲ್ಲ.

ಶುಕ್ರವಾರ ಒಲೆ ಹೊತ್ತಿತು. ಅಂದಿನಿಂದ ನಾವೆಲ್ಲ ಗೇಟಿನಾಚೆ, ಮೆಟ್ರೊ ಧೂಳಿನಲ್ಲಿ, ಬೇವಿನ ಗಿಡದ ಕೆಳಗೆ ನಿಂತು ಸೇದಿದೆವು. ದೇಶದ ಸಮಸ್ಯೆಗಳು ಅಲ್ಲಿಯೂ ಚೆನ್ನಾಗಿಯೇ ಬಗೆಹರಿದವು. ಮೂರು ವರ್ಷಗಳ ನಂತರ ಆ ಮನೆ ಕೆಡವಿ ಅಪಾರ್ಟ್‌ಮೆಂಟು ಎಬ್ಬಿಸಿದರು. ಗಂಗಕ್ಕ ಮಗಳ ಮನೆಗೆ ಹೋದಳು. ಈಗಲೂ ದೀಪಾವಳಿಗೆ ಫೋನು ಮಾಡುತ್ತೇನೆ. ಮಾತಿಗಿಂತ ಉಸಿರೇ ಹೆಚ್ಚು ಕೇಳುತ್ತದೆ. ಆ ಉಸಿರಿನಲ್ಲಿ ಒಲೆಯ ಪಾಲೆಷ್ಟು, ನಮ್ಮ ಭಾನುವಾರಗಳ ಪಾಲೆಷ್ಟು ಎಂದು ಯಾವ ವಕೀಲರೂ ವಾದಿಸಿ ಹೇಳಲಾರರು. ನಮ್ಮದೂ ಇದೆ ಎಂಬುದು ಮಾತ್ರ ನನಗೆ ಗೊತ್ತು. ಗೊತ್ತಿದ್ದೂ ನಾನು ಸಿಗರೇಟು ಬಿಟ್ಟಿಲ್ಲ. ನಿಮ್ಮೆದುರು ಸಾಚಾ ಆಗುವ ಆಸೆ ನನಗಿಲ್ಲ.

ಮೊನ್ನೆಯ ಅರ್ಜಿಗೆ ಬರೋಣ. ನನ್ನ ತಲೆಯಲ್ಲಿ ವಾದಗಳು ಆಗಲೇ ಸಾಲುಗಟ್ಟಿದ್ದವು. ಪಕ್ಕದ ಗಚ್ಚಿಬೌಲಿಯ ಕಾರುಗಳ ಹೊಗೆ, ಕಟ್ಟಡಗಳ ಧೂಳು, ಜನರೇಟರು. ಎಲ್ಲವೂ ಹಳೆಯ ಪಡಸಾಲೆಯವೇ, ಹೊಸ ಅಂಗಿ ತೊಟ್ಟಿದ್ದವು. ರೊಟ್ಟಿ ಸೀದ ವಾಸನೆ ಎಲ್ಲಿಂದ ಬಂತೆಂದು ಹಿಂದಿರುಗಿ ನೋಡಿದೆ. ನಾಲ್ಕು ವರ್ಷದಿಂದ ನಾನು ಬೆನ್ನು ಕೊಟ್ಟು ನಿಲ್ಲುವ ಗೋಡೆಯಲ್ಲಿ, ನನ್ನ ಹೆಗಲಿನ ಪಕ್ಕಕ್ಕೇ, ಕ್ಯಾಂಟೀನಿನ ಅಡುಗೆಮನೆಯ ಕಿಟಕಿ ಇದೆ. ಒಳಗೆ ಯಾದಮ್ಮ ರೊಟ್ಟಿ ತಿರುವುತ್ತಿದ್ದಳು. ದಿನಾ ನನಗೆ ಬಡಿಸುವವಳು.

"ಯಾದಮ್ಮಾ, ನಮ್ಮ ಹೊಗೆ ಒಳಗೆ ಬರುತ್ತದಾ?" ಎಂದು ತೆಲುಗಿನಲ್ಲಿ ಕೇಳಿದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ರೋಜೂ ವಸ್ತದಿ ಸಾರ್. ಎವ್ವರೂ ಅಡಗಲೇದು."

ದಿನಾ ಬರುತ್ತದಂತೆ. ಯಾರೂ ಕೇಳಿರಲಿಲ್ಲವಂತೆ.

ಅರ್ಜಿ ಬರೆದೆ. ನಿಷೇಧ ಬೇಡ ಎಂದಲ್ಲ. ಈ ಮೂಲೆಯನ್ನು ಇವತ್ತೇ ಮುಚ್ಚಿ, ನಮ್ಮನ್ನು ಗೇಟಿನಾಚೆಯ ಬಿಸಿಲಿಗೆ ಕಳಿಸಿ ಎಂದು. ಬಳಗದವರು ಓದಿ, ನಾನು ಆಡಳಿತದವರಿಗೆ ನನ್ನನ್ನೇ ಮಾರಿಕೊಂಡೆ, ಇದಕ್ಕೆ ಸಹಿ ಹಾಕುವುದಿಲ್ಲ ಎಂದರು. ಮೈಸೂರಿನವನು ಆಮೇಲೆ ಕಿಟಕಿಯ ಕಡೆ ಬೆರಳು ಮಾಡಿ, ಥಟ್ಟನೆ ಹೊಳೆದವನಂತೆ ಹೇಳಿದ. "ಸರ್, ಒಳಗೆ ಆ ಒಲೆ ಹೊಗೆಯೇ ಇಷ್ಟಿದೆ, ನಮ್ಮ ನಾಲ್ಕು ಸಿಗರೇಟು ಯಾವ ಲೆಕ್ಕ?"

ಉಳಿದವರು ಹೋ ಎಂದು ಅವನ ಬೆನ್ನು ತಟ್ಟಿದರು. ನಾನು ಅವನ ಕೈ ಹಿಡಿದು ಅಡುಗೆಮನೆಯ ಬಾಗಿಲಿಗೆ ಕರೆದುಕೊಂಡು ಹೋದೆ. "ಆ ಮಾತು ಆಕೆಗೆ ಹೇಳು" ಎಂದೆ.

ಹುಡುಗ ಬಾಗಿಲಲ್ಲಿ ನಿಂತ. ಯಾದಮ್ಮ ತಲೆಯೆತ್ತಿ, ಏನು ಬೇಕು ಸಾರ್ ಎಂದು ಕೇಳಿದಳು. ಅವನು ಮೆಲ್ಲಗೆ ನನ್ನ ಕಡೆ ತಿರುಗಿ ಪೆನ್ನು ಕೇಳಿದ.