ನಾಲ್ಕು ಬೆರಳಿನಷ್ಟು ಗಾಳಿ

ಹೊಸ ಕಿಟಕಿಗಳು ಆ ಮನೆಗೆ ಬಂದದ್ದು ಒಂದು ಗುರುವಾರ, ಭಾವನ ವರ್ಕ್‌ಶಾಪಿನ ಪಿಕಪ್ಪಿನಲ್ಲಿ, ಹಳೆಯ ಕಂಬಳಿಗಳ ನಡುವೆ ಮಲಗಿಕೊಂಡು. ನನ್ನನ್ನು ಯಾರೂ ಕೇಳಲಿಲ್ಲ ಎಂದರೆ ತಪ್ಪಾಗುತ್ತದೆ. ಕೇಳಿದ್ದರು. ಕೇಳಿ, ನನ್ನ ಉತ್ತರವನ್ನು ನನ್ನ ಕಣ್ಣೆದುರೇ ಮಡಚಿ ಮಗಳ ಕೈಗೆ ಕೊಟ್ಟಿದ್ದರು.

ಮನೆ ದುಬೈಯ ರಾಶಿದಿಯಾದಲ್ಲಿತ್ತು, ಎರಡಂತಸ್ತಿನ ಹಳೆಯ ವಿಲ್ಲಾ. 2010 ಕಳೆದು ಒಂದೆರಡು ವರ್ಷವಾಗಿರಬೇಕು. ಕೆಳಗೆ ನನ್ನ ಗಂಡನ ಅಣ್ಣ, ಅಂದರೆ ಭಾವ, ಮತ್ತು ನಾನು ಅಕ್ಕ ಎಂದು ಕರೆಯುತ್ತಿದ್ದ ಅವರ ಹೆಂಡತಿ. ಮೇಲೆ ನಾವು ಮೂವರು: ಗಂಡ, ನಾನು, ನಾಲ್ಕು ವರ್ಷದ ಮಗಳು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಭಾವನಿಗೆ ಅಲ್ಯೂಮಿನಿಯಂ ಕಿಟಕಿ ಬಾಗಿಲುಗಳ ವರ್ಕ್‌ಶಾಪ್ ಇತ್ತು. ದೇರಾದಲ್ಲಿ ಅದರದ್ದೇ ಒಂದು ಸಣ್ಣ ಆಫೀಸು, ಅಲ್ಲಿ ಕೂರುತ್ತಿದ್ದವರು ನನ್ನ ಗಂಡ. ಅವರ ವೀಸಾ ಭಾವನ ಕಂಪನಿಯದು, ನನ್ನದೂ ಮಗಳದೂ ಗಂಡನ ವೀಸಾಕ್ಕೆ ಜೋತುಬಿದ್ದದ್ದು. ಊಟದ ಮೇಜಿನಲ್ಲಿ ಭಾವ ಬಾಯಿ ತೆರೆದರೆ ಮೂರು ಪಾಸ್‌ಪೋರ್ಟುಗಳು ಕಿವಿಗೊಟ್ಟು ಕೇಳುತ್ತಿದ್ದವು.

ಹಳೆಯ ಕಿಟಕಿಗಳು ಹಾಳಾಗಿದ್ದದ್ದು ನಿಜ. ಗಾಜಿನ ಸುತ್ತಲಿನ ರಬ್ಬರು ಒಣಗಿ ಸೊಪ್ಪಿನ ದಂಟಿನಂತೆ ಮುರುಟಿತ್ತು. ಮರಳು ಗಾಳಿ ಬೀಸಿದ ಮರುದಿನ ಮಗಳ ದಿಂಬಿನ ಮೇಲೆ ಅವಳ ತಲೆಯ ಆಕಾರ ಬಿಟ್ಟು ಉಳಿದೆಲ್ಲ ಕಡೆ ಕಂದು ಧೂಳು. ಆದರೆ ಆ ಕಿಟಕಿಗಳಲ್ಲಿ ಒಂದು ಒಳ್ಳೆಯ ಗುಣವಿತ್ತು. ಕೆಳಗಿನ ಭಾಗದ ಗಾಜು ಅಲುಗಾಡುತ್ತಿರಲಿಲ್ಲ, ಮೇಲಿನದು ಮಾತ್ರ ತೆರೆಯುತ್ತಿತ್ತು. ಆ ಮನೆಯಲ್ಲಿ ಕಿಟಕಿಯ ಕಟ್ಟೆ ನನ್ನ ಮೊಣಕಾಲಿನ ಎತ್ತರಕ್ಕೇ ಇತ್ತಾದ್ದರಿಂದ ಇದು ಸಣ್ಣ ಗುಣವಲ್ಲ. ಅದರ ನೇರ ಕೆಳಗೆ ಸಿಮೆಂಟಿನ ಅಂಗಳ, ಗೋಡೆಗೊರಗಿಸಿದ ಗ್ಯಾಸ್ ಸಿಲಿಂಡರುಗಳು.

ಕಿಟಕಿ ಬದಲಾಯಿಸುತ್ತೇವೆ, ಎಂಥದ್ದು ಬೇಕು ಹೇಳು ಎಂದು ಭಾವನೇ ಅಂದಾಗ ನಾನು ಅದನ್ನು ನಂಬಿದೆ. ಮಗಳ ಡ್ರಾಯಿಂಗ್ ಪುಸ್ತಕದ ಹಾಳೆಯಲ್ಲಿ, ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಹಾಗೆ ಸ್ಕೇಲಿಟ್ಟು ಮಾರ್ಜಿನ್ ಎಳೆದು, ಕೆಳಗೆ ಗಟ್ಟಿ ಗಾಜು, ಮೇಲೆ ತೆರೆಯುವ ಗಾಜು ಎಂದು ಚಿತ್ರ ಬರೆದೆ. ಟೈಲರ್ ಟೇಪಿನಲ್ಲಿ ಅಳೆದು ಅಳತೆಯನ್ನೂ ಹಾಕಿದೆ. ಶುಕ್ರವಾರದ ಊಟಕ್ಕೆ ಕೂತಿದ್ದಾಗ ಭಾವ ಅದನ್ನು ಎಡಗೈಯಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿದರು.

"ಚಿತ್ರ ಚಂದ ಉಂಟು. ಮಗಳು ಬಣ್ಣ ಹಾಕ್ಲಿ," ಎಂದು ಮಡಚಿ ಅವಳ ಕೈಗೆ ಕೊಟ್ಟರು.

ಆಮೇಲೆ ವಿಷಯ ತಿಳಿಯಿತು. ಯಾವುದೋ ವಿಲ್ಲಾಗಳ ಪ್ರಾಜೆಕ್ಟಿಗೆಂದು ಮಾಡಿಸಿಟ್ಟ ಹದಿನೆಂಟು ಕಿಟಕಿಗಳು, ಆ ಪ್ರಾಜೆಕ್ಟು ಅರ್ಧಕ್ಕೆ ನಿಂತು ಹೋದ ಮೇಲೆ, ಗೋಡೌನಿನಲ್ಲಿ ಬಿದ್ದಿದ್ದವು. ಸಿಂಗಲ್ ಹಂಗ್ ಎನ್ನುತ್ತಾರೆ. ಮೇಲಿನ ಗಾಜು ಅಲುಗದು, ಕೆಳಗಿನ ಗಾಜನ್ನು ಎತ್ತಿದರೆ ಅದು ಮೇಲಕ್ಕೆ ಸರಿದು ನಿಲ್ಲುತ್ತದೆ. ನನ್ನ ಚಿತ್ರಕ್ಕೆ ಪೂರಾ ಉಲ್ಟಾ. ಭಾವ ಅದನ್ನು ಅಮೆರಿಕನ್ ಮಾಡೆಲ್ ಎಂದು ಹೊಗಳಿದರು. ಕೆಳಗಿನಿಂದ ತೆರೆದರೆ ಮಗು ಬಗ್ಗಿ ಬೀಳುವುದಿಲ್ಲವೇ ಎಂದು ನಾನು ಕೇಳಿದೆ.

ಉತ್ತರ ಕೊಟ್ಟದ್ದು ಅಕ್ಕ. "ನಮ್ಮ ಮಕ್ಕಳು ಕಿಟಕಿ ಇಲ್ಲದ ಮನೆಯಲ್ಲಿ ದೊಡ್ಡ ಆದದ್ದಾ? ನೋಡಿಕೊಳ್ಳಲಿಕ್ಕೆ ತಾಯಿ ಅಂತ ಒಬ್ಬಳು ಇಡೀ ದಿನ ಮನೆಯಲ್ಲೇ ಇದ್ದಾಳಲ್ಲ."

ನನ್ನ ಗಂಡ ಬಂಗುಡೆ ಮೀನಿನ ಮುಳ್ಳು ಬಿಡಿಸಿ ಮಗಳ ತಟ್ಟೆಗೆ ಹಾಕುತ್ತಿದ್ದರು. ಅವತ್ತಿನ ಬಂಗುಡೆಯಲ್ಲಿ ಮುಳ್ಳುಗಳು ಬಹಳ ಇದ್ದಿರಬೇಕು. ತಲೆ ಎತ್ತಲೇ ಇಲ್ಲ.

ಕಿಟಕಿ ಕೂರಿಸುವ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಬೇರೆ ಮನೆಗಾಗಿ ಅಳತೆ ಮಾಡಿದ ಕಿಟಕಿಗಳು ನಮ್ಮ ಗೋಡೆಯ ಬಾಯಿಗೆ ಸರಿಹೋಗಲಿಲ್ಲ. ಎರಡೂ ಬದಿಯಲ್ಲಿ ಉಳಿದ ಸಂದಿಗೆ ಪಟ್ಟಿ ಬಡಿದು, ಸಿಲಿಕೋನ್ ಅಂಟು ಮೆತ್ತಿದರು. ಅದು ಒಣಗುವವರೆಗೆ ಎರಡು ದಿನ ಮಹಡಿಯೆಲ್ಲ ಹುಳಿ ವಿನೆಗರಿನ ವಾಸನೆ. ಧೂಳು ನಿಂತಿತು, ಅದನ್ನು ಒಪ್ಪುತ್ತೇನೆ.

ಮೂರನೆಯ ದಿನ ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಮಗಳ ಕೋಣೆಯಿಂದ ಬೆಕ್ಕನ್ನು ಕರೆಯುವ ಸದ್ದು ಬಂತು. ಆ ಮನೆಯೊಳಗೆ ಬೆಕ್ಕಿರಲಿಲ್ಲ. ಹೋಗಿ ನೋಡಿದರೆ ಅವಳು ಕಟ್ಟೆಯ ಮೇಲೆ ಮಂಡಿಯೂರಿ, ಕೆಳಗಿನ ಗಾಜನ್ನು ಭುಜದವರೆಗೆ ಎತ್ತಿ, ತಲೆಯನ್ನೂ ಒಂದು ಕೈಯನ್ನೂ ಹೊರಗೆ ಹಾಕಿದ್ದಳು. ಅಂಗಳದ ಸಿಲಿಂಡರಿನ ಮೇಲೆ ಒಂದು ಹಳದಿ ಬೆಕ್ಕು. ನನಗೆ ಈಗಲೂ ನೆನಪಿರುವುದು ಅವಳ ಅಂಗಾಲುಗಳು. ಬೆರಳ ತುದಿ ಮಾತ್ರ ಕಟ್ಟೆಯ ಅಂಚಿಗೆ ಒತ್ತಿ ಬೆಳ್ಳಗಾಗಿದ್ದವು. ಕೂಗಿದರೆ ಬೆಚ್ಚುತ್ತಾಳೆಂದು ಕೂಗದೆ ಹೋಗಿ ಫ್ರಾಕಿನ ಬೆಲ್ಟು ಹಿಡಿದು ಎಳೆದೆ.

"ಐ ವಾಸ್ ಓನ್ಲಿ ಲುಕಿಂಗ್, ಅಮ್ಮಾ," ಎಂದಳು, ತಪ್ಪು ನನ್ನದೇ ಎನ್ನುವಂತೆ.

ಸಂಜೆ ಕೆಳಗೆ ಹೋಗಿ ನಡೆದದ್ದನ್ನು ಹೇಳಿದೆ. ಅಷ್ಟು ಸಣ್ಣ ಮಗುವಿನ ಒಂದು ಕೈಗೇ ಅದು ಎದ್ದು ನಿಲ್ಲುತ್ತದೆ ಎಂದೆ. ಭಾವ ಟಿವಿಯಿಂದ ಕಣ್ಣು ತೆಗೆಯದೆ, "ಹಾಗಾದ್ರೆ ಸ್ಪ್ರಿಂಗ್ ಒಳ್ಳೆದುಂಟು ಅಂತ ಆಯ್ತಲ್ಲ," ಎಂದರು. ಅಕ್ಕ ನಕ್ಕರು. ಗಂಡನೂ ನಕ್ಕರೋ ಎಂದು ನಾನು ತಿರುಗಿ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ಮಗಳು ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ, ಯಾರಿಗೂ ಹೇಳದೆ ಟ್ಯಾಕ್ಸಿ ಹಿಡಿದು ವರ್ಕ್‌ಶಾಪಿಗೆ ಹೋದೆ. ಹಿಂದಿನ ರಾತ್ರಿ ನಿದ್ದೆಯಲ್ಲಿದ್ದ ಮಗಳ ತಲೆಯ ಅಡ್ಡಗಲವನ್ನು ಟೇಪಿನಲ್ಲಿ ಅಳೆದಿಟ್ಟುಕೊಂಡಿದ್ದೆ. ಫೋರ್‌ಮನ್ ಗಡ್ಡ ನರೆತ ಪಂಜಾಬಿ. ನನ್ನನ್ನು ಕಂಡು ಕಟ್ಟರ್ ನಿಲ್ಲಿಸಿ, ಪ್ಲಾಸ್ಟಿಕ್ ಕುರ್ಚಿಯ ಮೇಲಿನ ಅಲ್ಯೂಮಿನಿಯಂ ಪುಡಿಯನ್ನು ತನ್ನ ಹೆಗಲ ಬಟ್ಟೆಯಿಂದ ಒರೆಸಿ, ಕೂರಿ ಭಾಬೀಜಿ ಎಂದ. ಆ ಇಡೀ ತಿಂಗಳಲ್ಲಿ ನನಗೆ ಸಿಕ್ಕ ಮರ್ಯಾದೆ ಅಷ್ಟೇ.

ಕಿಟಕಿಯನ್ನು ತಲೆಕೆಳಗು ಮಾಡಿ ಕೂರಿಸಿದರೆ ಮೇಲಿನ ಗಾಜು ತೆರೆಯುವ ಹಾಗಾಗುವುದಿಲ್ಲವೇ ಎಂದು ನನ್ನ ಕಾನ್ವೆಂಟ್ ಹಿಂದಿಯಲ್ಲಿ ಕೇಳಿದೆ. ಅವನು ನಗಲಿಲ್ಲ. ಒಂದು ಚೌಕಟ್ಟನ್ನು ತಂದು ತೋರಿಸಿದ. ಗಾಜಿನ ಭಾರ ಹೊರುವ ಸ್ಪ್ರಿಂಗು ಪಕ್ಕದ ಪಟ್ಟಿಯೊಳಗೆ ಇದೆ, ಮಳೆ ನೀರು ಹೋಗುವ ತೂತು ಅಡಿಯಲ್ಲಿದೆ, ಮಗುಚಿದರೆ ಗಾಜೂ ನಿಲ್ಲದು, ನೀರೂ ಹೋಗದು. ಆದರೆ ಗಾಜು ಸರಿಯುವ ದಾರಿಯಲ್ಲಿ ಎರಡೂ ಬದಿಗೆ ಒಂದೊಂದು ಸ್ಕ್ರೂ ಹಾಕಿದರೆ ಅದು ಅಲ್ಲಿಂದ ಮೇಲೆ ಏಳುವುದಿಲ್ಲ. ಎಷ್ಟು ಬೇಕು ಹೇಳಿ ಎಂದ. ನಾನು ಟೇಪಿನ ಲೆಕ್ಕ ಹೇಳಿದೆ. ಅವನು ತನ್ನ ಬೆರಳುಗಳನ್ನು ಒತ್ತಟ್ಟಿಗೆ ಹಿಡಿದು, ಹಾಗಾದರೆ ನಾಲ್ಕು ಬೆರಳು, ಗಾಳಿಗೆ ಸಾಕು, ತಲೆಗೆ ಸಾಲದು ಎಂದ.

ಅಷ್ಟರಲ್ಲಿ ಹಿಂದಿನಿಂದ ಭಾವನ ಧ್ವನಿ.

"ನೀನೆಂತ ಇಲ್ಲಿ?"

"ಕಿಟಕಿ ವಿಷಯ ಮಾತಾಡ್ಲಿಕ್ಕೆ ಬಂದೆ, ಭಾವ."

"ಮನೆಯಲ್ಲಿ ಬಾಯಿ ಇಲ್ವಾ ನಿಂಗೆ? ನನ್ನ ಕೆಲಸದವರ ಎದುರು ಮರ್ಯಾದೆ ತೆಗೀಲಿಕ್ಕೆ ಟ್ಯಾಕ್ಸಿ ಮಾಡ್ಕೊಂಡು ಬಂದದ್ದಾ?"

"ಮನೆಯಲ್ಲಿ ಹೇಳಿದ್ದೆ. ಸ್ಪ್ರಿಂಗ್ ಒಳ್ಳೆದುಂಟು ಅಂದ್ರಿ."

ಫೋರ್‌ಮನ್ ನಮಗೆ ಬೆನ್ನು ಹಾಕಿ ಕಟ್ಟರಿನ ಹತ್ತಿರ ನಿಂತ, ಆದರೆ ಅದನ್ನು ಚಾಲೂ ಮಾಡಲಿಲ್ಲ. ಭಾವ ಡಬ್ಬಿಯಿಂದ ಒಂದು ಹಿಡಿ ಸ್ಕ್ರೂ ತೆಗೆದು ಅವನ ಮುಂದಿನ ಹಲಗೆಯ ಮೇಲೆ ಸುರಿದರು. ಮೇಡಮ್ಮಿಗೆ ಎಷ್ಟು ಬೇಕೋ ಅಷ್ಟು ಹಾಕಿ ಬಾ, ಖಲಾಸ್ ಎಂದು ಹಿಂದಿಯಲ್ಲಿ ಹೇಳಿ ಹೊರಗೆ ನಡೆದರು. ಅವರ ಕಾರಿನಲ್ಲೇ ನನ್ನನ್ನು ಮನೆಗೆ ತಂದು ಬಿಟ್ಟರು.

ಸ್ಕ್ರೂಗಳು ಬಂದವು. ಮಹಡಿಯ ಒಂದೊಂದು ಕಿಟಕಿಯ ಸಂದಿಗೂ ನಾನು ಕೈ ಇಟ್ಟು ನೋಡಿದೆ. ಬಂದ ನೆಂಟರಿಗೆಲ್ಲ ಅಕ್ಕ, "ಮೇಲೆ ಜೈಲುಂಟು, ನೋಡ್ಕೊಂಡು ಬನ್ನಿ," ಎನ್ನತೊಡಗಿದರು. ಅನ್ನಲಿ ಎಂದುಕೊಂಡೆ. ಅದೇ ಹೊತ್ತಿಗೆ ಗಂಡ, ಮಧ್ಯಾಹ್ನ ಊಟಕ್ಕೆ ಬಂದಾಗ ಮಗಳನ್ನು ಮಲಗಿಸುವುದು ತನ್ನ ಕೆಲಸ ಎಂದರು. ನೀನು ಕೆಳಗೆ ಪಾತ್ರೆ ಮುಗಿಸು, ಅವಳನ್ನು ನಾನು ನೋಡಿಕೊಳ್ಳುತ್ತೇನೆ. ಅಂದು ಮುಳ್ಳು ಬಿಡಿಸುತ್ತಾ ಸುಮ್ಮನಿದ್ದುದಕ್ಕೆ ಇದು ಅವರ ಕ್ಷಮೆ ಎಂದು ನಾನು ತಿಳಿದೆ, ಮನಸ್ಸಿನಲ್ಲೇ ಸ್ವಲ್ಪ ಮೆತ್ತಗಾದೆ.

ಹತ್ತು ದಿನ ಕಳೆದಿರಬೇಕು. ಮಗಳ ಕೋಣೆಯ ಗಾಜು ಒರೆಸುವಾಗ ಅದು ನನ್ನ ಕೈಯಲ್ಲಿ ಸರ್ರನೆ ಮೇಲೇರಿತು. ಸ್ಕ್ರೂ ಇದ್ದ ಕಡೆ ಎರಡು ತೂತು, ಕಟ್ಟೆಯ ಮೇಲೆ ಬೆಳ್ಳಿಯ ಹುಡಿಯಂತೆ ಮಿನುಗುವ ಚೂರು. ಸ್ಕ್ರೂಗಳು ಮಗಳ ಪೆನ್ಸಿಲ್ ಡಬ್ಬಿಯಲ್ಲಿ ಸಿಕ್ಕಿದವು. ನಾನೇ ತಿರುಗಿ ಹಾಕಿದೆ. ಮುಂದಿನ ವಾರ ಮತ್ತೆ ಹಾಗೆಯೇ. ಜೈಲಿನ ಮಾತು ಆಡಿದವರು ಯಾರೋ ಅವರೇ ಎಂದು ನಾನು ಸಂಶಯವಿಲ್ಲದೆ ತೀರ್ಮಾನಿಸಿದೆ. ಸಿಂಕಿನ ಎದುರು ನಿಂತಿದ್ದ ಅಕ್ಕನಿಗೆ, ಮಗುವಿನ ಜೀವದ ಜೊತೆ ಆಟ ಆಡಬೇಡಿ ಎಂದುಬಿಟ್ಟೆ. ಅಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ನಾನು ಮಾತಾಡಿದ್ದು ಅದೇ ಮೊದಲು.

ಅಕ್ಕ ಸಾಬೂನಿನ ಕೈಯನ್ನು ಸೊಂಟಕ್ಕಿಟ್ಟರು. "ನಿನ್ನ ಸ್ಕ್ರೂ ತೆಗ್ದು ನಾನೆಂತ ಬಳೆ ಮಾಡಿಸ್ಲಿಕ್ಕುಂಟಾ, ಮಾರಾಯ್ತಿ? ಮೆಟ್ಟಿಲು ಹತ್ತಿದ್ರೆ ನನ್ನ ಮಂಡಿ ಎರಡು ದಿನ ನೋಯ್ತದೆ."

ನಾನು ನಂಬಲಿಲ್ಲ. ನಾವು ಮಾತು ಬಿಟ್ಟೆವು. ಒಂದೇ ಒಲೆಯ ಎರಡು ಉರಿಯಲ್ಲಿ ಅವರ ಸಾರು, ನನ್ನ ಪಲ್ಯ ಬೆನ್ನು ತಿರುಗಿಸಿಕೊಂಡು ಬೆಂದವು.

ಮೂರನೆಯ ಸಲ ಕಟ್ಟೆಯ ಮೇಲೆ ಬೆಳ್ಳಿ ಚೂರಿನ ಜೊತೆ ಇನ್ನೊಂದು ಇತ್ತು. ಆ ಊರಿನ ಧೂಳು ನನಗೆ ಚೆನ್ನಾಗಿ ಗೊತ್ತು. ಅದು ಕಂದು, ಬೆರಳಿಗೆ ತರಿತರಿ ಹತ್ತುತ್ತದೆ. ಇದು ಬೂದು ಬಣ್ಣದ್ದು, ಮುಟ್ಟಿದರೆ ಹಪ್ಪಳದ ಹಾಗೆ ಪದರ ಪದರ ಬಿಟ್ಟು ಪುಡಿಯಾಯಿತು. ಬೆರಳನ್ನು ಮೂಸಿ ನೋಡಿದೆ.

ಮರುದಿನ ಪಾತ್ರೆಗಳನ್ನು ಸಿಂಕಿನಲ್ಲೇ ಬಿಟ್ಟು ಮೇಲೆ ಹೋದೆ. ಕೋಣೆಯಲ್ಲಿ ಗಾಜು ಪೂರ್ತಿ ಮೇಲೇರಿತ್ತು. ಗಂಡ ಮಂಡಿಯೂರಿ ಕೂತು, ಎರಡೂ ಮೊಣಕೈ ಕಟ್ಟೆಗಿಟ್ಟು, ತಲೆ ಹೊರಗೆ ಹಾಕಿ ಸಿಗರೇಟು ಸೇದುತ್ತಿದ್ದರು. ಮದುವೆಯ ವರ್ಷವೇ ಬಿಟ್ಟೆನೆಂದು ನನಗೆ ಮಾತು ಕೊಟ್ಟಿದ್ದ ಸಿಗರೇಟು. ಕಿಟಕಿಗೆ ತಾಗಿದ ಹಾಸಿಗೆಯಲ್ಲಿ ಮಗಳು ಬಾಯಿ ತೆರೆದು ಮಲಗಿದ್ದಳು. ಪೆನ್ಸಿಲ್ ಡಬ್ಬಿಯ ಮುಚ್ಚಳದ ಮೇಲೆ ಎರಡು ಸ್ಕ್ರೂ, ಪಕ್ಕದಲ್ಲಿ ಸ್ಕ್ರೂಡ್ರೈವರ್.

"ನಾನು ಇಲ್ಲೇ ಇದ್ದೇನಲ್ಲ," ಎಂದರು. "ನಾನಿರುವಾಗ ಮಾತ್ರ ತೆಗೆಯುವುದು. ಆಮೇಲೆ ಹಾಕ್ತೇನೆ."

"ಮೂರು ಸಲ ಹಾಕಲಿಲ್ಲ."

"ಮರೆತೆ, ಮಾರಾಯ್ತಿ. ಬೆಳಗ್ಗಿಂದ ರಾತ್ರಿವರೆಗೆ ಅಣ್ಣನ ಬೈಗುಳ ತಿಂದು ಬರ್ತೇನೆ. ಈ ಮನೆಯಲ್ಲಿ ನಂದು ಅಂತ ಇರುವುದು ಈ ಐದು ನಿಮಿಷ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ತಾನು ಬಗ್ಗಿ ಕೂರಲಿಕ್ಕೆ ಒಂದು ಜಾಗ ಬೇಕೆಂದು ಅವರು ಮಗಳು ಬೀಳುವ ದಾರಿಯನ್ನು ತೆರೆದಿಟ್ಟು ಆಫೀಸಿಗೆ ಹೋಗುತ್ತಿದ್ದರು. ಅದನ್ನು ಮರೆವು ಎನ್ನುತ್ತಿದ್ದರು. ನಾನು ಸ್ಕ್ರೂಗಳನ್ನು ಹಾಕಲಿಲ್ಲ. ಮಗಳನ್ನು ಹೆಗಲಿಗೆ ಹಾಕಿಕೊಂಡು ಕೆಳಗಿಳಿದು, ಸಂಜೆಯವರೆಗೆ ಹಾಲಿನಲ್ಲೇ ಕೂತೆ. ಭಾವ ಬಂದು ಚಪ್ಪಲಿ ಬಿಡುವ ಮೊದಲೇ ಎದ್ದು ನಿಂತೆ.

"ಸ್ಕ್ರೂ ನಿಲ್ಲುವುದಿಲ್ಲ, ಭಾವ. ಯಾರಿಂದಲೂ ಬಿಚ್ಚಲಿಕ್ಕೆ ಆಗದ ಹಾಗೆ ಮಾಡಿ ಕೊಡಿ."

ಯಾರು ಎಂದು ಅವರು ಕೇಳಲಿಲ್ಲ. ಕಾರಿನಿಂದ ರಿವೆಟ್, ಅಂದರೆ ಒಮ್ಮೆ ಹೊಡೆದರೆ ಬಿಚ್ಚಲು ಬಾರದ ಮೊಳೆ, ಹೊಡೆಯುವ ಗನ್ನು ತಂದು ಮೇಲೆ ಹತ್ತಿದರು. ಕಟ್ಟೆಯ ಮೂಲೆಯಲ್ಲಿದ್ದ ಬೂದಿಯನ್ನು ಕಂಡರು, ಬಾಗಿಲಲ್ಲಿ ಬಂದು ನಿಂತಿದ್ದ ತಮ್ಮನನ್ನು ಕಂಡರು, ಕೊನೆಗೆ ನನ್ನನ್ನು.

"ಇಷ್ಟು ದಿನ ನನ್ನ ಹೆಂಡತಿಯನ್ನು ಕಳ್ಳಿ ಮಾಡಿದ್ದು ನೀನು."

"ಹೌದು. ತಪ್ಪಾಯ್ತು."

ಅವರು ರಿವೆಟ್ ಹೊಡೆದರು. ಟಪ್, ಟಪ್. ಮಗಳು ಕಿವಿ ಮುಚ್ಚಿಕೊಂಡಳು. ಗಾಜನ್ನು ಎರಡು ಸಲ ಬಲವಾಗಿ ಎತ್ತಿ ನೋಡಿದರು. ನಾಲ್ಕು ಬೆರಳಿಗೆ ನಿಂತಿತು.

"ಇನ್ನು ಇದನ್ನು ತೆಗೀಬೇಕಾದ್ರೆ ಡ್ರಿಲ್ ಬೇಕು," ಎಂದು ತಮ್ಮನಿಗೆ ಹೇಳಿದರು. "ಡ್ರಿಲ್ ಇರುವುದು ನನ್ನತ್ರ." ನನ್ನ ಕಡೆಗೆ ತಿರುಗಿ, "ಗಂಡನನ್ನು ಸರಿ ಮಾಡ್ಲಿಕ್ಕೆ ಆಗ್ಲಿಲ್ಲ, ಕಿಟಕಿ ಸರಿ ಮಾಡಿಸಿದೆ. ಆಯ್ತಾ?" ಎಂದರು.

ಆಯ್ತು ಎಂದೆ.

ಅಡುಗೆ ಮನೆಗೆ ಹೋಗಿ ಅಕ್ಕನಿಗೆ ಸಾರಿ ಎಂದೆ. ಅವರು ತಿರುಗಲಿಲ್ಲ. ಆ ಶಬ್ದ ಇಂಗ್ಲಿಷ್ ಕಲಿತವರಿಗೆ ಬಾಯಿಗೆ ಬೇಗ ಬರುತ್ತದೆ ಎಂದು ಒಲೆಗೆ ಹೇಳುವಂತೆ ಹೇಳಿದರು. ಆ ಮನೆ ಬಿಡುವವರೆಗೂ ನಮ್ಮ ನಡುವೆ ಉಪ್ಪು, ಸಕ್ಕರೆ, ಬಾಗಿಲು ಹಾಕು ಎನ್ನುವಷ್ಟೇ ಮಾತು.

ಗಂಡ ಮಗಳನ್ನು ಮಲಗಿಸುವ ಕೆಲಸ ಬಿಟ್ಟರು. ಊಟವಾದ ಕೂಡಲೇ ಅಂಗಳಕ್ಕಿಳಿದು, ಸಿಲಿಂಡರುಗಳಿಂದ ದೂರ, ಗೇಟಿನ ಪಕ್ಕದ ನೆರಳಿನಲ್ಲಿ ನಿಂತು ಸೇದುತ್ತಿದ್ದರು. ಈಗ ಮುಚ್ಚುಮರೆ ಇರಲಿಲ್ಲ. ಒಂದು ಮಧ್ಯಾಹ್ನ ಮಗಳ ಪಕ್ಕ ಮಲಗಿದ್ದೆ. ನಾಲ್ಕು ಬೆರಳಿನ ಆ ಸಂದಿಯಿಂದ ಸಿಗರೇಟಿನ ವಾಸನೆ ಒಳಗೆ ಬಂತು. ಎದ್ದು ನೋಡಿದೆ. ಅವರು ಕೆಳಗಿನಿಂದ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು, ಏನಾದರೂ ಹೇಳುತ್ತೇನೆಂದು ಕಾಯುವವರ ಹಾಗೆ.

ನಾನು ಗಾಜನ್ನು ಕೆಳಗೆಳೆದು ಚಿಲಕ ಹಾಕಿದೆ.