ರಾಜನನ್ನು ಗೇಟಿಗೆ ಸೆಳೆದ ಗುರುವಾರ

ಕಳಸದ ಹತ್ತಿರದ ಒಂದು ಶಾಲೆಯಲ್ಲಿ ನಾನು ಕನ್ನಡ ಟೀಚರು. ಹೋದ ವರ್ಷ ಏಳನೇ ತರಗತಿಯ ನಾಲ್ವರು ಹುಡುಗಿಯರ ಮೇಲೆ ನನಗೆ ಅನುಮಾನ ಹುಟ್ಟಿತು. ಪೇಪರಿನ ಬೈಂಡು ಹಾಕಿದ ಒಂದು ದಪ್ಪ ಪುಸ್ತಕ ಅವರ ನಡುವೆ ಕೈಯಿಂದ ಕೈಗೆ ಓಡಾಡುತ್ತಿತ್ತು. ನಾನು ಹತ್ತಿರ ಹೋದರೆ ಮುಚ್ಚುತ್ತಿದ್ದರು. ಬೆನ್ನು ತಿರುಗಿಸಿದರೆ ಕಿಸಕ್ಕನೆ ನಗು.

ಒಂದು ದಿನ ಅವರ ಬೆಂಚಿನ ಕೆಳಗೆ ಚೀಟಿಯೊಂದು ಸಿಕ್ಕಿತು. ಶಾಲೆಯ ನಕ್ಷೆ, ಬಾಣದ ಗುರುತು, ಕೆಳಗೆ ಬರಹ: 'ರಾಜನನ್ನು ಮುಂದಿನ ಗೇಟಿಗೆ ಸೆಳೆಯಬೇಕು. ಸಾಮಾನು ಹಿಂದಿನ ಬಾಗಿಲಿಂದ. ಗುರುವಾರ.'

ಚೀಟಿಯನ್ನು ಎರಡು ಸಲ ಓದಿದೆ. ರಾಜ ಎಂದರೆ ಹೆಡ್ಮಾಸ್ಟರೇ ಇರಬೇಕು. ಹಿಂದಿನ ಬಾಗಿಲಾಚೆ ಎಸ್ಟೇಟು, ಅದರಾಚೆ ಬಸ್ಸಿನ ರಸ್ತೆ. ಓಡಿಹೋಗುವ ಯೋಚನೆಯೇ? ಪುಸ್ತಕ ಕಿತ್ತುಕೊಂಡು ಮನೆಗೆ ಒಯ್ದೆ.

ದೈತ್ಯರ ಕೋಟೆಯಿಂದ ತಮ್ಮೂರಿನ ಗಂಟೆ ಕದ್ದು ತರಲು ಹೊರಟ ಕುಳ್ಳರ ಕಥೆ ಅದು. ಅಧ್ಯಾಯಕ್ಕೊಂದು ಉಪಾಯ, ಮುಕ್ಕಾಲುಪಾಲು ಕೆಟ್ಟು ನಗೆಪಾಟಲು. ಕಳ್ಳತನ ಕಲಿಸುವ ಪುಸ್ತಕ ಎಂದು ಬೈದುಕೊಂಡೆ. ಆದರೂ ಮುಗಿಸದೆ ಕೆಳಗಿಡಲಿಲ್ಲ.

ಗುರುವಾರ ಹಿಂದಿನ ಬಾಗಿಲಲ್ಲಿ, ಗೇಟೂ ಕಾಣುವ ಹಾಗೆ, ಕಾದು ನಿಂತೆ. ಊಟದ ಹೊತ್ತಿಗೆ ಇಬ್ಬರು ಹುಡುಗಿಯರು ಬಟ್ಟೆ ಮುಚ್ಚಿದ ಬಕೆಟ್ ಹಿಡಿದು, ಗದ್ದಲ ಮಾಡುತ್ತ ಗೇಟಿನ ಕಡೆ ನಡೆದರು. ಸಿಲ್ವರ್ ಓಕ್ ಮರಗಳಿಂದ ಮಂಗಗಳ ಹಿಂಡು ಇಳಿಯಿತು. ಎಲ್ಲಕ್ಕಿಂತ ಮುಂದೆ, ದಿನವೂ ಮಕ್ಕಳ ಬಾಳೆಹಣ್ಣು ಕಸಿಯುತ್ತಿದ್ದ ದೊಡ್ಡ ಗಡವ ಮಂಗ. ರಾಜ ಅಂದರೆ ಅದು! ಅಷ್ಟರಲ್ಲಿ ಉಳಿದಿಬ್ಬರು ಅಡುಗೆಮನೆಯಿಂದ ತರಗತಿಗೆ ಒಯ್ಯಲು ಬ್ಯಾಗಿನ ತುಂಬ ಹಣ್ಣು ಹೊತ್ತು ನನ್ನೆದುರಿಗೇ ಬಂದು ನಿಂತರು. ಗೇಟಿನ ಹತ್ತಿರ ಗಡವ ಬಕೆಟ್ಟಿನೊಳಗೆ ಇಣುಕಿ, ಏನೂ ಕಾಣದೆ, ಸಿಟ್ಟಿನಲ್ಲಿ ಅದಕ್ಕೆ ಮುಚ್ಚಿದ್ದ ಅಡುಗೆಯಮ್ಮನ ಹೊಸ ಟವೆಲ್ಲನ್ನೇ ಎತ್ತಿಕೊಂಡು ಮರ ಹತ್ತಿತು.

"ನಂಗೆ ಮೊದ್ಲೇ ಹೇಳೋಕೇನಾಗಿತ್ತು?" ಎಂದೆ.

"ಹೇಳಿದ್ರೆ ನೀವು ಬೇಡ ಅಂತಿದ್ರಿ ಮೇಡಂ," ಎಂದಳು ಒಬ್ಬಳು.

ಅದು ನಿಜ. "ಆ ಪುಸ್ತಕದಲ್ಲಿ ಅಂಥದ್ದೇನಿದೆ?"

"ಅದ್ರಲ್ಲಿ ಚಿಕ್ಕೋರೇ ಪ್ಲಾನ್ ಮಾಡ್ತಾರೆ ಮೇಡಂ. ಕೆಟ್ರೆ ನಗಾಡ್ತಾರೆ, ಆಮೇಲೆ ಬೇರೆ ಪ್ಲಾನ್. ನಾವು ತಪ್ಪು ಮಾಡಿದ್ರೆ ನೀವು ಬೈತೀರಿ, ಅಲ್ಲಿಗೆ ಮುಗೀತು."

ಮರುದಿನ ಮಂಗಗಳು ಮೋಸಹೋಗಲಿಲ್ಲ. ಅರ್ಧ ಹಣ್ಣು ಅವುಗಳ ಪಾಲಾಯಿತು. ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕು, ಹೊಸ ಹಾಳೆ ತೆಗೆದು ಕುಳಿತರು. ಈ ಸಲ ನಾನು ಬೈಯಲಿಲ್ಲ.

ಸೋಮವಾರ ಪುಸ್ತಕ ವಾಪಸು ಕೊಡುವಾಗ, ಎರಡನೇ ಭಾಗ ಇದೆಯೇ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾಕೆ ಮೇಡಂ?"

"ಓದೋಕೆ ಕಣ್ರೇ," ಎಂದೆ. ನಂಬಿದ ಹಾಗೆ ಕಾಣಲಿಲ್ಲ.